ಬುತ್ತಿ ಹಳಸದಿರಲಿ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಸಾಹಿತ್ಯವನ್ನೋ ಇತಿಹಾಸವನ್ನೋ ಕುರಿತು ಮಾತನಾಡುವುದು ವಾಡಿಕೆ. ನನಗೆ ತಿಳಿದಿರುವುದು ಕಂಪ್ಯೂಟರಿನ ಕೆಲಸ. ಆದುದರಿಂದ ಆ ಕಸುಬಿನ ಒಂದು ಸಣ್ಣ ವಿಷಯವನ್ನೇ ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ.

ಊರು ಬಿಟ್ಟು ಬಂದ ನಮಗೆ ಬುತ್ತಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ದಾರಿಯಲ್ಲಿ ಏನು ಸಿಕ್ಕೀತೋ ಏನಿಲ್ಲವೋ ಎಂದು ತಾಯಿ ಕಟ್ಟಿಕೊಡುತ್ತಾಳೆ. ತಂತ್ರಾಂಶ ಬರೆಯುವವರೂ ಹೀಗೆಯೇ ಮಾಡುವರು. ಚಿತ್ರ ತೋರಿಸುವುದು, ಅಕ್ಷರ ಮೂಡಿಸುವುದು ಮೊದಲಾದ ಕೆಲಸಗಳಿಗೆ ಬೇರೆಯವರು ಬರೆದಿಟ್ಟ ಸಿದ್ಧ ಭಾಗಗಳುಂಟು. ಇವಕ್ಕೆ ಲೈಬ್ರರಿ ಎಂದು ಹೆಸರು. ಬಳಸುವವರ ಯಂತ್ರದಲ್ಲಿ ಅದು ಇದ್ದೀತೋ ಇಲ್ಲವೋ, ಇದ್ದರೂ ಯಾವ ಆವೃತ್ತಿಯೋ ಎಂಬ ಸಂಶಯದಿಂದ, ಅದರ ಒಂದು ಪ್ರತಿಯನ್ನು ತಮ್ಮ ತಂತ್ರಾಂಶದ ಜೊತೆಗೇ ಕಟ್ಟಿ ಕಳುಹಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಬುತ್ತಿಗೊಂದು ಗುಣವುಂಟು; ಅದು ಹಳಸುತ್ತದೆ.

2023ರ ಸೆಪ್ಟೆಂಬರಿನಲ್ಲಿ ಲಿಬ್‌ವೆಬ್‌ಪಿ ಎಂಬ ಲೈಬ್ರರಿಯಲ್ಲಿ ದೋಷವೊಂದು ಬೆಳಕಿಗೆ ಬಂದಿತು. ವೆಬ್‌ಪಿ ಬಗೆಯ ಚಿತ್ರಗಳನ್ನು ಓದಲು ಗೂಗಲ್ ಸಂಸ್ಥೆಯವರು ರಚಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಲೈಬ್ರರಿ ಅದು. ವಂಚಕನು ಬೇಕೆಂದೇ ಕೆಡಿಸಿ ತಯಾರಿಸಿದ ಚಿತ್ರವನ್ನು ತೆರೆದರೆ, ಗೊತ್ತುಮಾಡಿದ ಜಾಗವನ್ನು ಮೀರಿ ಅದು ಯಂತ್ರದ ಸ್ಮೃತಿಯಲ್ಲಿ ಬರೆಯುತ್ತಿತ್ತು. ಆ ಸಂದಿನಲ್ಲಿ ಕಳ್ಳನು ಒಳನುಗ್ಗಬಹುದಾಗಿತ್ತು. ಆಗಲೇ ನುಗ್ಗಿದವರೂ ಇದ್ದರು. ಕೆಲವೇ ದಿನಗಳಲ್ಲಿ 1.3.2 ಎಂಬ ತಿದ್ದಿದ ಆವೃತ್ತಿ ಹೊರಬಂದಿತು. ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳವರು ತಮ್ಮ ಪ್ರತಿಗಳನ್ನು ಒಡನೆಯೇ ಸರಿಪಡಿಸಿದರು. ಆದರೆ ಮೊದಲ ಪ್ರಕಟಣೆಯಲ್ಲಿ ಕ್ರೋಮಿನ ಹೆಸರು ಮಾತ್ರ ಇದ್ದಿತು. ತಮ್ಮ ಗಂಟಿನಲ್ಲಿಯೂ ಅದೇ ಬುತ್ತಿ ಇದೆಯೆಂಬುದು ಅನೇಕರಿಗೆ ಆಮೇಲೆ ಹೊಳೆಯಿತು. ಮೂಲದಲ್ಲಿ ತಿದ್ದಿದ ಮಾತ್ರಕ್ಕೆ ಪ್ರತಿಗಳು ತಾವಾಗಿ ತಿದ್ದಿಕೊಳ್ಳುವುದಿಲ್ಲ.

ಹಾಗಾದರೆ ಬದಲಿಸುವುದಕ್ಕೆ ತಡವೇಕೆ ಎಂದು ಕೇಳಬಹುದು. ನಾನು ಕೈಜೋಡಿಸಿದ್ದ ಒಂದು ಸಣ್ಣ ಮುಕ್ತ ತಂತ್ರಾಂಶದಲ್ಲಿ, ಹಳೆಯ ಲೈಬ್ರರಿಯೊಂದನ್ನು ಯಾರೋ ತಮ್ಮ ಅನುಕೂಲಕ್ಕೆ ಅಲ್ಲಲ್ಲಿ ತಿದ್ದಿದ್ದರು. ಏನು ತಿದ್ದಿದರು, ಏಕೆ ತಿದ್ದಿದರು ಎಂದು ಎಲ್ಲಿಯೂ ಬರೆದಿಡಲಿಲ್ಲ. ಹೊಸದನ್ನು ತಂದರೆ ಆ ತಿದ್ದುಪಡಿ ಅಳಿಸಿಹೋಗುವುದೆಂಬ ಭಯದಿಂದ ವರ್ಷಗಟ್ಟಲೆ ಯಾರೂ ಅದನ್ನು ಮುಟ್ಟಲಿಲ್ಲ. ಕೊನೆಗೆ ಸಾಲುಸಾಲಾಗಿ ಹೋಲಿಸಿ ನೋಡುವ ಕೆಲಸ ನಮ್ಮ ಪಾಲಿಗೆ ಬಂದಿತು.

ಅದರಿಂದ ಕಲಿತದ್ದು ಇಷ್ಟು: ತಂದದ್ದು ಯಾವ ಆವೃತ್ತಿ, ಎಲ್ಲಿಂದ ತಂದದ್ದು ಎಂದು ಪಕ್ಕದಲ್ಲಿಯೇ ಬರೆದಿಡಬೇಕು. ನಮ್ಮ ತಿದ್ದುಪಡಿಯನ್ನು ಬೇರೆಯಾಗಿಟ್ಟು, ಅದು ಎಲ್ಲರಿಗೂ ಉಪಯುಕ್ತವಾದರೆ ಮೂಲ ಬರೆದವರಿಗೂ ಕಳುಹಿಸಬೇಕು. ಹೊಸದನ್ನು ತರುವಾಗ ಹಳೆಯ ಕಡತಗಳನ್ನು ಪೂರ್ತಿಯಾಗಿ ತೆಗೆಯಬೇಕು. ಪರವಾನಗಿಯ ಷರತ್ತು ಬದಲಾಗಿದೆಯೇ ನೋಡಬೇಕು. ಆ ಬದಲಾವಣೆಯ ಜೊತೆಗೆ ಬೇರೆ ಕೆಲಸವನ್ನು ಬೆರೆಸಬಾರದು. ಪರೀಕ್ಷಿಸದೆ ಯಾರಿಗೂ ಬಡಿಸಬಾರದು.

ಇದಕ್ಕೂ ಕನ್ನಡಕ್ಕೂ ಏನು ಸಂಬಂಧ? ತೆರೆಯ ಮೇಲೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ಲೈಬ್ರರಿ ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್‌ಗಳ ಗಂಟಿನೊಳಗೆ ಇದೆ. ‘ಸೂರ್ಯ’ ಎಂಬ ಪದವನ್ನೇ ನೋಡಿ. ಯಂತ್ರದೊಳಗೆ ರಕಾರ ಮೊದಲು, ಯಕಾರ ಆಮೇಲೆ. ತೆರೆಯ ಮೇಲೆ ಯಕಾರ ಮೊದಲು, ಅರ್ಕಾವತ್ತು ಆಮೇಲೆ. ಈ ಅದಲುಬದಲು ಆ ಲೈಬ್ರರಿಯ ಕೆಲಸ. ಅದರ ಹೊಸ ಆವೃತ್ತಿ ಬಂದಾಗ ‘ರಾಷ್ಟ್ರ’, ‘ಶಾಸ್ತ್ರ’, ‘ಸೂರ್ಯ’ ಸರಿಯಾಗಿ ಮೂಡುತ್ತವೆಯೇ ಎಂದು ನೋಡಲು ಕನ್ನಡ ಓದಬಲ್ಲ ಕಣ್ಣು ಬೇಕು. ಈ ನಗರದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಇದೇ ವೃತ್ತಿಯಲ್ಲಿದ್ದಾರೆ. ಅವರಿಗೆ ಅಕ್ಷರ ಕಲಿಸಿದ್ದರೆ ಈ ಸೇವೆ ಅವರಿಂದಾದೀತು. ಕಲಿಸದಿದ್ದರೆ ತಪ್ಪು ಕಣ್ಣೆದುರಿಗಿದ್ದರೂ ಕಾಣದು.

ಮನೆಯವರು ಮಾಡಬೇಕಾದದ್ದೂ ಒಂದಿದೆ. ಫೋನಿನಲ್ಲಿ ‘ಅಪ್‌ಡೇಟ್ ಮಾಡಿ’ ಎಂಬ ಸೂಚನೆ ಅದರ ಸೆಟ್ಟಿಂಗ್ಸಿನಲ್ಲಿಯೋ ಆಪ್‌ಗಳ ಅಂಗಡಿಯಲ್ಲಿಯೋ ಕಂಡರೆ, ನಾಳೆ ನೋಡೋಣವೆಂದು ಪಕ್ಕಕ್ಕೆ ಸರಿಸಬೇಡಿ. ಯಾರೋ ಎಲ್ಲಿಯೋ ಹಳಸಿದ ಬುತ್ತಿ ತೆಗೆದು ಹೊಸದನ್ನು ಕಟ್ಟಿ ಕಳುಹಿಸಿರುತ್ತಾರೆ. ಅದನ್ನು ಬಿಚ್ಚಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ.