ಮೇಕೆದಾಟು: ಇಷ್ಟು ಕಿರಿದಾದ ಹೊಳೆ

(ಕನಕಪುರ ತಾಲ್ಲೂಕಿನ ಕಾಲೇಜೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಉಪನ್ಯಾಸದ ಬರಹರೂಪ)



ಭಾಷಣ ಮಾಡುವುದು ನನ್ನ ಕಸುಬಲ್ಲ. ಬೇರೆಯವರ ಭಾಷಣವನ್ನು ಬರೆದುಕೊಳ್ಳುವುದು ನನ್ನ ಕಸುಬು. ಆದ್ದರಿಂದ ತಪ್ಪಿದರೆ ಕ್ಷಮಿಸಬೇಕು.

ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಪತ್ರಿಕೆಗೆ ಸೇರಿದ ಹೊಸದರಲ್ಲಿ ನಾನು ಮೊದಲ ಸಲ ಮೇಕೆದಾಟಿಗೆ ಹೋದೆ. ಪ್ರವಾಸಕ್ಕಲ್ಲ. ನೀರಿಗೆ ಇಳಿದ ಹುಡುಗನೊಬ್ಬ ಮೇಲೆ ಬಂದಿರಲಿಲ್ಲ. ಅದರ ಸುದ್ದಿ ಬರೆಯಬೇಕಿತ್ತು. ಬಂಡೆಯ ಮೇಲೆ ಒಂದು ಜೊತೆ ಚಪ್ಪಲಿ, ಮಡಿಸಿಟ್ಟ ಅಂಗಿ ಇದ್ದವು. ಅವನ ತಂದೆ ಯಾರನ್ನೂ ನೋಡದೆ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದರು: ಇಷ್ಟು ಕಿರಿದಾದ ಹೊಳೆಯಲ್ಲಿ ಅದು ಹೇಗೆ ಸಾಧ್ಯ? ನಾನು ಆರು ಸಾಲಿನ ಸುದ್ದಿ ಕಳುಹಿಸಿದೆ. ಅದರಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಆಮೇಲೆ ತಿಳಿದುಕೊಂಡ ಉತ್ತರವನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಿಮ್ಮಲ್ಲಿ ಹಲವರಿಗೆ ದಾರಿ ಗೊತ್ತು. ಕನಕಪುರದಿಂದ ದೊಡ್ಡ ಆಲಹಳ್ಳಿಯ ಮೇಲೆ ಹಾಯ್ದು ಕಾಡಿನ ಇಳಿಜಾರಿನಲ್ಲಿ ಸಾಗಿದರೆ ಸಂಗಮ. ಅಲ್ಲಿ ನಮ್ಮ ಅರ್ಕಾವತಿ ಕಾವೇರಿಯನ್ನು ಸೇರುತ್ತದೆ. ಅರ್ಕಾವತಿಯನ್ನು ದಾಟಿ ಕಾವೇರಿಯ ದಡದಲ್ಲೇ ಸುಮಾರು 4 ಕಿಲೋಮೀಟರ್ ಹೋದರೆ ಮೇಕೆದಾಟು. ಸಂಗಮದಲ್ಲಿ ಅಗಲವಾಗಿ ಹರಡಿಕೊಂಡು ಬಂದ ನದಿ ಇಲ್ಲಿ ಎರಡು ಬಂಡೆಗೋಡೆಗಳ ನಡುವಿನ ಇಕ್ಕಟ್ಟಿಗೆ ನುಗ್ಗುತ್ತದೆ. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆಯೊಂದು ಈ ದಡದಿಂದ ಆ ದಡಕ್ಕೆ ನೆಗೆದು ಬದುಕಿತು, ಅದಕ್ಕೇ ಈ ಹೆಸರು ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಮೇಕೆ ನೆಗೆಯಿತೋ ಇಲ್ಲವೋ, ಕಥೆಯ ತಿರುಳು ಮಾತ್ರ ನಿಜ: ಇದು ಕಾವೇರಿ ಅತ್ಯಂತ ಕಿರಿದಾಗುವ ಜಾಗಗಳಲ್ಲಿ ಒಂದು.

ಆದರೆ ಈ ಕಿರಿದಾದ ಬಾಗಿಲಿನಲ್ಲಿ ಎಷ್ಟು ಊರುಗಳ ನೀರು ಹಾಯುತ್ತದೆ ಎಂಬುದನ್ನು ಗಮನಿಸಿ. ಕೊಡಗಿನಿಂದ ಹೊರಟ ಕಾವೇರಿ ಹೇಮಾವತಿ, ಕಬಿನಿಗಳನ್ನು ಕೂಡಿಕೊಂಡು ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮ್ಮಿಕ್ಕುತ್ತದೆ. ಅಲ್ಲಿಂದ ಕೆಳಗೆ ಶಿಂಷಾ ಸೇರುತ್ತದೆ. ಚನ್ನಪಟ್ಟಣದ ಕಣ್ವ ಹೊಳೆ ಶಿಂಷೆಯ ಉಪನದಿ. ಇತ್ತ ಅರ್ಕಾವತಿ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೆಸರಘಟ್ಟದ ಕೆರೆಯನ್ನು ತುಂಬಿ, ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಮತ್ತು ಮಂಚನಬೆಲೆ ಜಲಾಶಯಗಳನ್ನು ಹಾಯ್ದು, ರಾಮನಗರವನ್ನು ಬಳಸಿ, ಕನಕಪುರದ ಮೂಲಕ ಸಂಗಮಕ್ಕೆ ಬರುತ್ತದೆ. ಅಂದರೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಬಿದ್ದು ಹೊಳೆ ಸೇರುವ ಮಳೆನೀರು ಕೊನೆಗೆ ಸೇರುವುದು ಕಾವೇರಿಯನ್ನೇ. ಅದರಲ್ಲಿ ಬಹುಪಾಲು ಹೊರಹೋಗುವುದು ಮೇಕೆದಾಟಿನ ಬಾಗಿಲಿನಿಂದಲೇ.

ನೀರು ಅಷ್ಟೇ ಇದ್ದು ದಾರಿ ಕಿರಿದಾದರೆ ಏನಾಗುತ್ತದೆ? ಒಂದೋ ಅದು ವೇಗವಾಗಿ ಓಡಬೇಕು, ಇಲ್ಲವೇ ಆಳಕ್ಕಿಳಿಯಬೇಕು. ಮೇಕೆದಾಟಿನಲ್ಲಿ ಎರಡೂ ಆಗಿದೆ. ಮೇಲೆ ಅಡ್ಡಲಾಗಿ ಇಲ್ಲದ ಅಗಲ ಕೆಳಗೆ ನೆಟ್ಟಗೆ ಆಳವಾಗಿ ನಿಂತಿದೆ. ಆ ತಂದೆಯ ಪ್ರಶ್ನೆಗೆ ಇದು ಮೊದಲ ಉತ್ತರ: ಹೊಳೆ ಕಿರಿದಾಗಿದ್ದರೂ ಅಪಾಯ ಎಂದಲ್ಲ, ಕಿರಿದಾಗಿರುವುದರಿಂದಲೇ ಅಪಾಯ.

ಎರಡನೆಯ ಉತ್ತರ ಕಲ್ಲಿನಲ್ಲಿದೆ. ನಮ್ಮ ಸೀಮೆಯ ಬಂಡೆಗಳು ಸಾಮಾನ್ಯವಲ್ಲ. ರಾಮನಗರದ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ನೆನಪಿಗೆ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರಿನ ಹೆಸರು ಬದಲಾಯಿತು, ಕಲ್ಲಿನ ಹೆಸರು ಉಳಿಯಿತು. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ನಿಮ್ಮದೇ ತಾಲ್ಲೂಕಿನ ಕಬ್ಬಾಳದುರ್ಗದ ಕಲ್ಲನ್ನು ಪರೀಕ್ಷಿಸಿದ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು ಅವರು, ಬೂದು ಬಣ್ಣದ ನೈಸ್ ಶಿಲೆ ಚಾರ್ನೊಕೈಟ್ ಎಂಬ ಕಡುಬಣ್ಣದ ಶಿಲೆಯಾಗಿ ಮಾರ್ಪಡುತ್ತಿದ್ದ ಹಂತವೇ ಅಲ್ಲಿ ಅಚ್ಚಾಗಿ ಉಳಿದಿದೆ ಎಂದು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಅಂದಿನಿಂದ ಹೊರದೇಶದ ವಿಜ್ಞಾನಿಗಳಿಗೂ ಕಬ್ಬಾಳದುರ್ಗ ಪರಿಚಿತ ಹೆಸರು.

ಇಂಥ ಗಟ್ಟಿ ಕಲ್ಲನ್ನು ನೀರು ಹೇಗೆ ಕೊರೆಯಿತು? ಬರಿಯ ನೀರು ಕೊರೆಯುವುದು ಕಡಿಮೆ. ಪ್ರವಾಹದಲ್ಲಿ ಬರುವ ಮರಳು, ಗುಂಡುಕಲ್ಲುಗಳೇ ಅದರ ಉಳಿ. ಬಂಡೆಯಲ್ಲಿ ಮೊದಲೇ ಇರುವ ಬಿರುಕನ್ನು ನದಿ ಹುಡುಕಿಕೊಳ್ಳುತ್ತದೆ. ಸುಳಿಯಲ್ಲಿ ಸಿಕ್ಕ ಕಲ್ಲು ಒಂದೇ ಕಡೆ ಗಿರಗಿರ ತಿರುಗಿ, ಒರಳಿನಂಥ ಗುಂಡಿಯನ್ನು ಕೊರೆಯುತ್ತದೆ. ಬೇಸಿಗೆಯಲ್ಲಿ ಮೇಕೆದಾಟಿನ ಬಂಡೆಗಳ ಮೇಲೆ ಇಂಥ ಒರಳುಗುಂಡಿಗಳನ್ನು ಕಣ್ಣಾರೆ ನೋಡಬಹುದು. ಹೊರಗೆ ಕಾಣುವಂಥವೇ ನೀರಿನ ಒಳಗೂ ಇವೆ. ಮೇಲೆ ಶಾಂತವಾಗಿ ಕಾಣುವ ನೀರು ಒಳಗೆ ಸುಳಿಯುತ್ತಿರುತ್ತದೆ. ದಡದ ಕಲ್ಲೋ ತಿಕ್ಕಿ ತಿಕ್ಕಿ ನುಣುಪಾಗಿದೆ. ಒಮ್ಮೆ ಜಾರಿದವನ ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಲ್ಲವರೂ ಇಲ್ಲಿ ಸೋಲುವುದು ಇದಕ್ಕೇ.

ಏಳಗಳ್ಳಿ ಬಳಿಯ ಚುಂಚಿ ಜಲಪಾತಕ್ಕೂ ಈ ಮಾತು ಅನ್ವಯಿಸುತ್ತದೆ. ಸಂಗಮಕ್ಕೆ ಮುನ್ನ ಅರ್ಕಾವತಿ ಬಂಡೆಗಳ ಮೇಲಿನಿಂದ ಬೀಳುವ ಜಾಗವದು. ಮೇಲ್ಗಡೆ ಹಾರೋಬೆಲೆ ಜಲಾಶಯವಿದೆ. ಇಲ್ಲಿ ಬಿಸಿಲಿದ್ದರೂ, ಅಲ್ಲಿ ನೀರು ಬಿಟ್ಟರೆ ಹೊಳೆ ಏರುತ್ತದೆ. ಫಲಕದಲ್ಲಿ ಬರೆದ ಎಚ್ಚರಿಕೆ ಅಲಂಕಾರಕ್ಕೆ ಬರೆದದ್ದಲ್ಲ.

ಇನ್ನು ಈ ಕಂದರದ ಸುತ್ತಲಿನ ಕಾಡು. 1987ರಲ್ಲಿ ಇದನ್ನು ಕಾವೇರಿ ವನ್ಯಧಾಮವೆಂದು ಘೋಷಿಸಲಾಯಿತು. ಮುಂದೆ ಅದನ್ನು ವಿಸ್ತರಿಸಿ, ಈಗ ಒಂದು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಾಗಿದೆ. ಬೆಟ್ಟದ ಮೇಲೆ ಒಣ ಕುರುಚಲು, ಹೊಳೆಯ ಅಂಚಿನಲ್ಲಿ ಹೊಳೆಮತ್ತಿ, ಹೊಂಗೆ, ಹುಣಸೆಗಳ ನೆರಳು. ಆನೆಗಳಿಗೆ ಇದು ಓಡಾಟದ ದಾರಿ. ನೀರುನಾಯಿ, ಮೊಸಳೆಗಳಿವೆ. ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ ಸಿಗುವ ಬೂದುಬಣ್ಣದ ದೊಡ್ಡ ಅಳಿಲು ಈ ಹೊಳೆಮರಗಳ ಮೇಲೆ ಗೂಡು ಕಟ್ಟುತ್ತದೆ. ಕಾವೇರಿಯ ಸೀಮೆಯಲ್ಲಿ ಮಾತ್ರ ಉಳಿದಿರುವ ಡುಬ್ಬದ ಮಹಶೀರ್ ಮೀನನ್ನು 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಳಿವಿನ ತೀರ ಅಂಚಿಗೆ ಬಂದ ಜೀವಿಗಳ ಸಾಲಿಗೆ ಸೇರಿಸಲಾಯಿತು.

ಮಿತ್ರರೆ, ನದಿ ಕಿರಿದಾಗುವ ಜಾಗ ಎಂಜಿನಿಯರರ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ: ಕಡಿಮೆ ಗೋಡೆಯಲ್ಲಿ ಹೆಚ್ಚು ನೀರು ನಿಲ್ಲಿಸಬಹುದಾದ ಜಾಗವಾಗಿ. ಮೇಕೆದಾಟು ಯೋಜನೆಯ ಮೂಲ ಇರುವುದು ಇಲ್ಲೇ. 2019ರಲ್ಲಿ ಕರ್ನಾಟಕ ಸಲ್ಲಿಸಿದ ವರದಿಯ ಪ್ರಕಾರ 67.16 ಟಿಎಂಸಿ ಅಡಿ ಸಂಗ್ರಹ, 400 ಮೆಗಾವಾಟ್ ವಿದ್ಯುತ್, ಬೆಂಗಳೂರಿಗೆ ಕುಡಿಯುವ ನೀರು. ಮುಳುಗುವುದು ಸುಮಾರು 5,000 ಹೆಕ್ಟೇರ್. ಅದರಲ್ಲಿ ಬಹುಪಾಲು ವನ್ಯಧಾಮ ಮತ್ತು ಕಾಯ್ದಿಟ್ಟ ಅರಣ್ಯ. ತಮಿಳುನಾಡು ಇದನ್ನು ವಿರೋಧಿಸುತ್ತ ಬಂದಿದೆ. 2022ರ ಜನವರಿಯಲ್ಲಿ ಯೋಜನೆ ಆಗಲೇಬೇಕೆಂದು ಸಂಗಮದಿಂದಲೇ ಪಾದಯಾತ್ರೆ ಹೊರಟಿತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ತಮಿಳುನಾಡಿನ ಆಕ್ಷೇಪಕ್ಕೆ ಇನ್ನೂ ಕಾಲ ಬಂದಿಲ್ಲ, ವರದಿಯನ್ನು ತಜ್ಞ ಸಂಸ್ಥೆಗಳು ಪರಿಶೀಲಿಸಲಿ ಎಂದಿತು.

ಬೇಕೋ ಬೇಡವೋ ಎಂದು ತೀರ್ಪು ಕೊಡಲು ನಾನು ಬಂದಿಲ್ಲ. ಬೆಂಗಳೂರಿನ ಬಾಯಾರಿಕೆ ನಿಜ. ಕಾಡು ಮುಳುಗುವುದೂ ನಿಜ. ಆದರೆ ಚರ್ಚೆಯಲ್ಲಿ ಕಡಿಮೆ ಕೇಳಿಬರುವ ಮೂರನೆಯ ನಿಜವೊಂದಿದೆ. 1974ರಿಂದ ಕಾವೇರಿಯ ನೀರು ಬೆಂಗಳೂರಿಗೆ ಹತ್ತುತ್ತಿದೆ. ಹತ್ತಿದ ನೀರು ಎಲ್ಲಿಗೆ ಹೋಗುತ್ತದೆ? ಬಳಸಿ ಬಿಟ್ಟ ನೀರಿನ ಒಂದು ದೊಡ್ಡ ಪಾಲು ವೃಷಭಾವತಿಯಲ್ಲಿ ಹರಿದು, ಬಿಡದಿ ಬಳಿಯ ಬೈರಮಂಗಲದ ಕೆರೆಯಲ್ಲಿ ನೊರೆಯೆದ್ದು, ಕನಕಪುರದ ಹತ್ತಿರ ಅರ್ಕಾವತಿಯನ್ನು ಸೇರುತ್ತದೆ. ಅಲ್ಲಿಂದ ಚುಂಚಿ, ಅಲ್ಲಿಂದ ಸಂಗಮ. ಸಿಹಿನೀರಾಗಿ ಹೋದ ಕಾವೇರಿ ಕೊಳಚೆಯಾಗಿ ಮರಳಿ ಕಾವೇರಿಗೇ ಬರುತ್ತಾಳೆ. 1890ರ ದಶಕದಿಂದ ಬೆಂಗಳೂರಿಗೆ ಕುಡಿಯಲು ಕೊಟ್ಟ ಅರ್ಕಾವತಿಯನ್ನು ನಾವು ಹೀಗೆ ನಡೆಸಿಕೊಂಡಿದ್ದೇವೆ. ನಾಳೆ ಅಣೆಕಟ್ಟು ಕಟ್ಟಿದರೆ ಅದರ ಹಿಂದೆ ನಿಲ್ಲುವುದು ಇದೇ ನೀರು. ಕಟ್ಟದಿದ್ದರೆ ಬಾಗಿಲಿನಿಂದ ಹಾಯುವುದೂ ಇದೇ ನೀರು. ಎರಡರಲ್ಲಿ ಯಾವುದಾದರೂ ಮೊದಲ ಕೆಲಸ ಅರ್ಕಾವತಿಯನ್ನು ಶುದ್ಧ ಮಾಡುವುದೇ ಎಂದು ನನಗೆ ಅನ್ನಿಸುತ್ತದೆ.

ನೀವು ಈ ತಾಲ್ಲೂಕಿನ ಮಕ್ಕಳು. ರಜೆಯಲ್ಲಿ ಹೊರಗಿನಿಂದ ಗೆಳೆಯರು ಬರುತ್ತಾರೆ, ಅವರನ್ನು ಕರೆದುಕೊಂಡು ಹೋಗುವವರು ನೀವೇ. ಆಗ ಮೇಲಿನ ಬಂಡೆಯಲ್ಲಿ ಕುಳಿತುಕೊಳ್ಳಿ. ಕಲ್ಲಿನ ವಯಸ್ಸು ಹೇಳಿ, ಒರಳುಗುಂಡಿ ತೋರಿಸಿ, ಯಾವ ಯಾವ ಊರಿನ ನೀರು ಕೆಳಗೆ ಹೋಗುತ್ತಿದೆ ಎಂದು ಲೆಕ್ಕ ಹೇಳಿ. ಯಾರಾದರೂ ಎದ್ದು, ಇಷ್ಟು ಕಿರಿದಾದ ಹೊಳೆಯಲ್ಲವೇ ಎಂದು ಅಂಗಿ ಬಿಚ್ಚಿದರೆ, ಕೈ ಹಿಡಿದು ಕೂರಿಸಿ. ಆ ದಿನ ಆ ತಂದೆಗೆ ನಾನು ಹೇಳಲಾರದೇ ಹೋದ ಉತ್ತರವನ್ನು ನೀವು ಮೊದಲೇ ಹೇಳಿದರೆ, ಯಾರೋ ಒಬ್ಬ ವರದಿಗಾರನಿಗೆ ಆರು ಸಾಲು ಬರೆಯುವ ಕೆಲಸ ತಪ್ಪುತ್ತದೆ.