ನಕಲು ಬೇರೆ, ಸ್ಥಳಾಂತರ ಬೇರೆ



ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಲ್ಲಿ ಆಸ್ತಿಪಾಸ್ತಿ ಇರಲಿ ಇಲ್ಲದಿರಲಿ, ಕಾಗದಪತ್ರಗಳಂತೂ ಇದ್ದೇ ಇವೆ. ಶಾಲೆಯ ಅಂಕಪಟ್ಟಿ, ಊರ ಜಮೀನಿನ ಪಹಣಿ, ನೌಕರಿಯ ಪ್ರಮಾಣಪತ್ರ, ಇವೆಲ್ಲ ಇಂದು ಗಣಕಯಂತ್ರದಲ್ಲಿ ಫೈಲುಗಳಾಗಿ ಕುಳಿತಿವೆ. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಒಯ್ಯುವಾಗ ಅವನ್ನು ಕಳೆದುಕೊಂಡು ಮರುಗುವವರಿದ್ದಾರೆ. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ನಕಲು ಬೇರೆ, ಸ್ಥಳಾಂತರ ಬೇರೆ. ಕಚೇರಿಯ ಗುಮಾಸ್ತರಿಗೆ ಇದು ಹೊಸತಲ್ಲ. ಕಡತದ ಪ್ರತಿ ತೆಗೆದು ಬೇರೆ ಕಪಾಟಿನಲ್ಲಿಟ್ಟರೆ ಎರಡಾಗುತ್ತದೆ. ಕಡತವನ್ನೇ ಎತ್ತಿಟ್ಟರೆ ಮೊದಲಿನ ಜಾಗ ಬರಿದಾಗುತ್ತದೆ. ವಿಂಡೋಸ್ ಗಣಕದಲ್ಲಿ ಫೈಲನ್ನು ಆರಿಸಿ, ಕಂಟ್ರೋಲ್ ಗುಂಡಿಯೊಡನೆ ಸಿ ಒತ್ತಿದರೆ ನಕಲು, ಎಕ್ಸ್ ಒತ್ತಿದರೆ ಸ್ಥಳಾಂತರ. ಸೇರಬೇಕಾದ ಫೋಲ್ಡರನ್ನು ತೆರೆದು ಕಂಟ್ರೋಲಿನೊಡನೆ ವಿ ಒತ್ತಿದ ಮೇಲೆಯೇ ಕೆಲಸ ನಡೆಯುವುದು. 1970ರ ದಶಕದಲ್ಲಿ ಬರಹ ತಿದ್ದುವುದಕ್ಕಾಗಿ ಇಂಥ ಪದ್ಧತಿಯನ್ನು ರೂಪಿಸಿದವರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದ ಲ್ಯಾರಿ ಟೆಸ್ಲರ್ ಪ್ರಮುಖರು.

ಮೌಸಿನಿಂದ ಎಳೆದು ಹಾಕುವವರು ಎಚ್ಚರದಿಂದಿರಬೇಕು. ಒಂದೇ ಡ್ರೈವಿನೊಳಗೆ ಎಳೆದರೆ ಫೈಲು ಸ್ಥಳಾಂತರವಾಗುತ್ತದೆ. ಪೆನ್‌ಡ್ರೈವಿನಂಥ ಬೇರೆ ಡ್ರೈವಿಗೆ ಎಳೆದರೆ ನಕಲಾಗುತ್ತದೆ. ಕಂಟ್ರೋಲ್ ಒತ್ತಿ ಹಿಡಿದು ಎಳೆದರೆ ಎರಡೂ ಕಡೆ ನಕಲೇ ಆಗುತ್ತದೆ.

ಸೇರುವ ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲಿದ್ದರೆ, ಹಳೆಯದರ ಬದಲು ಹೊಸದನ್ನಿಡಲೇ ಎಂದು ಗಣಕ ಕೇಳುತ್ತದೆ. ಅವಸರದಲ್ಲಿ ಹೂಂಗುಟ್ಟಬಾರದು. ಹಾಗೆ ಹೋದ ಹಳೆಯದು ರೀಸೈಕಲ್ ಬಿನ್ನಿನಲ್ಲೂ ಸಿಗುವುದಿಲ್ಲ. ಎರಡರ ತಾರೀಖನ್ನೂ ಗಾತ್ರವನ್ನೂ ಹೋಲಿಸಿ ನೋಡಿರಿ. ಸಂಶಯವಿದ್ದರೆ ಎರಡನ್ನೂ ಉಳಿಸಿಕೊಳ್ಳಿರಿ.

ಪುಟ್ಟ ಬಾಣದ ಗುರುತಿರುವ ಶಾರ್ಟ್‌ಕಟ್ ಎಂಬುದು ಫೈಲಿನ ನಕಲಲ್ಲ, ಅದರ ವಿಳಾಸ ಮಾತ್ರ. ಅದನ್ನು ಪೆನ್‌ಡ್ರೈವಿನಲ್ಲಿ ಊರಿಗೆ ಒಯ್ದರೆ ಅಲ್ಲಿ ಏನೂ ತೆರೆಯದು.

ಬೆಲೆಯುಳ್ಳ ಪತ್ರಗಳಿಗೆ ಎಕ್ಸ್ ಗುಂಡಿಯ ಗೊಡವೆಯೇ ಬೇಡ. ಮೊದಲು ನಕಲು ಮಾಡಿ, ಪೆನ್‌ಡ್ರೈವನ್ನು ಎಜೆಕ್ಟ್ ಮಾಡಿಯೇ ಕೀಳಿರಿ. ಬರೆಯುವುದು ಮುಗಿಯುವ ಮುನ್ನ ಕಿತ್ತರೆ ಫೈಲು ಕೆಡಬಹುದು. ಮತ್ತೆ ಸೇರಿಸಿ, ನಕಲನ್ನು ತೆರೆದು ಓದಿ ನೋಡಿರಿ. ಮೂಲವನ್ನು ಅಳಿಸುವ ಮಾತು ಆಮೇಲೆ.

ಇನ್ನೊಂದು ಮಾತು. ಅಂಗಡಿಯ ಗಣಕದಲ್ಲಿ ಮುದ್ರಿಸಲು ಹೋದಾಗ ನಮ್ಮ ಆಧಾರ್ ಚೀಟಿಯ ನಕಲೊಂದು ಅಲ್ಲಿ ಉಳಿದಿರಬಹುದು. ಅದನ್ನು ಅಳಿಸಿ, ರೀಸೈಕಲ್ ಬಿನ್ನಿನಿಂದಲೂ ತೆಗೆಸಿಯೇ ಅಂಗಡಿಯಿಂದ ಹೊರಡೋಣ.