ಪಟ್ಟಿಯ ಕೊನೆಯಿಂದ ಶುರು ಮಾಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಎಲ್ಲರ ಕಣ್ಣೂ ಜಿಲ್ಲಾವಾರು ಪಟ್ಟಿಯ ಮೇಲೆ. 2024ರಲ್ಲಿ ಉಡುಪಿ ಶೇ 94, ದಕ್ಷಿಣ ಕನ್ನಡ ಶೇ 92.12, ಕಟ್ಟಕಡೆಗೆ ಯಾದಗಿರಿ ಶೇ 50.59. ಮೇಲಿದ್ದವರಿಗೆ ಸಿಹಿ, ಕೆಳಗಿದ್ದವರಿಗೆ ಛೀಮಾರಿ. ಯಾದಗಿರಿ ಜಿಲ್ಲೆಯ ಸುರಪುರದ, ಶಹಾಪುರದ ತಮ್ಮ ತಂಗಿಯರೇ, ಆ ಪಟ್ಟಿ ನಿಮ್ಮ ಬುದ್ಧಿಯನ್ನು ಅಳೆದದ್ದಲ್ಲ.

ಅದು ಎಷ್ಟು ಅಲುಗಾಡುತ್ತದೆ ನೋಡಿ. 2023ರಲ್ಲಿ ಮೊದಲಿದ್ದದ್ದು ಚಿತ್ರದುರ್ಗ. ಮರುವರ್ಷ ಪರೀಕ್ಷಾ ಕೇಂದ್ರಗಳಿಗೆ ನಕಲು ತಡೆಯುವ ವೆಬ್‌ಕಾಸ್ಟಿಂಗ್ ಬಂತು, ಚಿತ್ರದುರ್ಗ ಬಹಳ ಕೆಳಗಿಳಿಯಿತು, ಯಾದಗಿರಿ ಶೇ 75.49ರಿಂದ ಸುಮಾರು 25 ಅಂಶ ಕುಸಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ? ಇಲ್ಲ. ಗಣಿತದ ಮೇಷ್ಟ್ರಿಲ್ಲದೆ ಕಳೆದ ತಿಂಗಳುಗಳು, ಹತ್ತಿ ಬಿಡಿಸಲು ಹೋಗಿ ತಪ್ಪಿದ ಪಾಠಗಳು, ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದ ಮನೆಗಳು, ಇವೆಲ್ಲ ಮೊದಲೂ ಇದ್ದವು. ಅಂಕಿಗಳು ಅವನ್ನು ಮುಚ್ಚಿಟ್ಟಿದ್ದವು, ಅಷ್ಟೇ. ಅದೇ 2024ರಲ್ಲಿ 625ಕ್ಕೆ 625 ತೆಗೆದವಳು ಮುಧೋಳ ತಾಲ್ಲೂಕಿನ ಸರ್ಕಾರಿ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಹುಡುಗಿ, ರೈತನ ಮಗಳು. ಕಲಿಸುವವರು, ಓದಲು ಹೊತ್ತು, ಎರಡು ಹೊತ್ತಿನ ಊಟ ಸಿಕ್ಕರೆ ಹಳ್ಳಿಯ ಮಕ್ಕಳು ಏನು ಮಾಡಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕೊನೆಯಿಂದ ಶುರು ಮಾಡಿದವರು ಹಿಂದೆಯೂ ಇದ್ದರು, ಬರೋಡಾದ ಮಹಾರಾಜ ಸಯಾಜಿರಾವ್. ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು 1893ರಲ್ಲಿ ಪ್ರಯೋಗಿಸಲು ಅವರು ಆರಿಸಿಕೊಂಡದ್ದು ರಾಜಧಾನಿಯನ್ನಲ್ಲ, ಕಾಠಿಯಾವಾಡದ ದೂರದ ಅಮ್ರೇಲಿಯ ಹಳ್ಳಿಗಳನ್ನು. 1906ರಲ್ಲಿ ಅದು ಇಡೀ ಬರೋಡಾ ಸಂಸ್ಥಾನಕ್ಕೆ ಹಬ್ಬಿತು. ಅವರದೇ ವಿದ್ಯಾರ್ಥಿವೇತನದಿಂದ ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಹಿಂದೆ ಬಿದ್ದ ಊರನ್ನೇ ಮೊದಲು ಮುಟ್ಟಿದ ಆ ಧೈರ್ಯ ಇವತ್ತು ನಮಗೆ ಬೇಕು.

ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿ ಈಗ ಪದವಿಯಲ್ಲೋ ಎಂಜಿನಿಯರಿಂಗಿನಲ್ಲೋ ಇರುವವರೇ, ಎಲ್ಲೇ ಇರಿ, ಫೇಲಾದ ಮಕ್ಕಳನ್ನು ಮತ್ತೆ ಪರೀಕ್ಷೆಗೆ ಕೂರಿಸುವ ಕೆಲಸ ನಿಮ್ಮದು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲನೆಯದರ ಫಲಿತಾಂಶಕ್ಕೂ ಎರಡನೆಯದಕ್ಕೂ ನಡುವೆ ಸಿಗುವುದು ಕೆಲವೇ ವಾರ. ಫೇಲಾದ ಹುಡುಗಿಗೆ ಮದುವೆಯ ಮಾತು ಶುರುವಾಗುವುದೂ, ಹುಡುಗ ಕಟ್ಟಡ ಕೆಲಸಕ್ಕೆ ಬಸ್ಸು ಹತ್ತುವುದೂ ಅದೇ ವಾರಗಳಲ್ಲಿ. ನಾಚಿಕೆಯಿಂದ ಮೂಲೆ ಹಿಡಿದವರು ವಿಶೇಷ ತರಗತಿಗೆ ತಾವಾಗಿ ಬರುವುದಿಲ್ಲ. ನೀವೇ ಅವರ ಮನೆ ಬಾಗಿಲಿಗೆ ಹೋಗಬೇಕು.

ಉಡುಪಿಯ ಜೊತೆ ಹೋಲಿಕೆ ಬೇಡ. ನಿಮ್ಮ ಶಾಲೆಯನ್ನು ಅದರ ಹೋದ ವರ್ಷದ ಜೊತೆ ಹೋಲಿಸಿ. ಹೆಡ್‌ಮಾಸ್ಟರರ ಎದುರು ಕುಳಿತು ಕೇಳಿ: ಎಷ್ಟು ಮಕ್ಕಳು ಗಣಿತವೊಂದರಲ್ಲೇ ಬಿದ್ದರು? ಪರೀಕ್ಷೆಗೇ ಬಾರದವರು ಯಾರು? ಒಂಬತ್ತರಲ್ಲೇ ಶಾಲೆ ಬಿಟ್ಟವರು ಎಷ್ಟು? ಈ ಕೊನೆಯ ಪ್ರಶ್ನೆಗೆ ಫಲಿತಾಂಶದ ಯಾವ ಪಟ್ಟಿಯಲ್ಲೂ ಉತ್ತರವಿಲ್ಲ. ಕಲ್ಯಾಣ ಕರ್ನಾಟಕದವರಾದರೆ, ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಇದ್ದೂ ಮೇಷ್ಟ್ರ ಹುದ್ದೆ ಖಾಲಿ ಏಕೆ ಎಂದು ಶಾಸಕರನ್ನು ಕೇಳಿ, ಲಿಖಿತವಾಗಿ ಕೇಳಿ.

ಬಿದ್ದವರ ಹೆಸರನ್ನು ಮೊದಲು ಬರೆದುಕೊಳ್ಳಿ, ಎರಡನೇ ಪರೀಕ್ಷೆಗೆ ಅರ್ಜಿ ಹಾಕಿಸಿ. ಕೊನೆಯ ದಿನಾಂಕ ಬೇಗ ಬರುತ್ತದೆ. ಪಾಠವನ್ನು ಅವತ್ತೇ ಸಂಜೆ ಶುರು ಮಾಡಿ.